ನಿಮಗಿದು ಗೊತ್ತೇ? ಕಡಲ ನಕ್ಷೆಯ ಕೆಂಪು ಚುಕ್ಕೆ ಓದುವ ಬಗೆ

ಮಂಗಳೂರಿನ ತಣ್ಣೀರುಬಾವಿಯ ಮರಳಿನ ಮೇಲೆ ಸಂಜೆ ಕೂತವರಿಗೆ ದೂರದಲ್ಲಿ ಲಂಗರು ಹಾಕಿ ನಿಂತ ಹಡಗುಗಳು ಕಾಣುತ್ತವೆ. ಅದ್ಯಾವ ಹಡಗು, ಎಲ್ಲಿಂದ ಬಂತು, ಹೊಟ್ಟೆಯಲ್ಲಿ ಏನಿದೆ ಎಂದು ಜೊತೆಗೆ ಬಂದ ಮಕ್ಕಳು ಕೇಳದೇ ಇರುವುದಿಲ್ಲ. ಈಗ ಅದಕ್ಕೆ ಉತ್ತರ ಜೇಬಿನಲ್ಲಿರುವ ಮೊಬೈಲಿನಲ್ಲೇ ಇದೆ. ಹಡಗುಗಳ ನಕ್ಷೆ ತೆರೆದರೆ ಕಡಲ ತುಂಬ ಚುಕ್ಕೆಗಳ ಜಾತ್ರೆ. ಹಲವು ನಕ್ಷೆಗಳಲ್ಲಿ ಟ್ಯಾಂಕರಿಗೆ ಕೆಂಪು ಬಣ್ಣ. ಆ ಕೆಂಪು ಚುಕ್ಕೆ ಏನೆಲ್ಲ ಹೇಳುತ್ತದೆ, ಏನನ್ನು ಬಚ್ಚಿಡುತ್ತದೆ ಎಂಬುದೇ ಈ ಸಲದ ವಿಷಯ.

ತಾನು ಎಲ್ಲಿದ್ದೇನೆ ಎಂದು ಟ್ಯಾಂಕರ್ ತಾನೇ ಕೂಗಿ ಹೇಳುತ್ತಿರುತ್ತದೆ. ಆ ಕೂಗಿನ ಹೆಸರು ಎಐಎಸ್, ಅಂದರೆ ಆಟೊಮ್ಯಾಟಿಕ್ ಐಡೆಂಟಿಫಿಕೇಶನ್ ಸಿಸ್ಟಮ್. ಅಂತರರಾಷ್ಟ್ರೀಯ ಯಾನ ಮಾಡುವ, 300 ಗ್ರಾಸ್ ಟನೇಜಿಗೆ ಮೇಲ್ಪಟ್ಟ ಎಲ್ಲ ಹಡಗುಗಳಲ್ಲೂ 2004ರ ಕೊನೆಯೊಳಗೆ ಇದನ್ನು ಕೂಡಿಸಲೇಬೇಕೆಂದು ಜಾಗತಿಕ ನಿಯಮ ಬಂತು. ಸಾಮಾನ್ಯ ವೇಗದಲ್ಲಿ ಸಾಗುವ ಟ್ಯಾಂಕರ್ 10 ಸೆಕೆಂಡಿಗೊಮ್ಮೆ ತನ್ನ ಅಕ್ಷಾಂಶ, ರೇಖಾಂಶ, ವೇಗ, ದಿಕ್ಕುಗಳನ್ನು ಬಿತ್ತರಿಸುತ್ತದೆ. ಲಂಗರು ಹಾಕಿ ನಿಂತಾಗ 3 ನಿಮಿಷಕ್ಕೊಮ್ಮೆ ಹೇಳಿದರೆ ಸಾಕು. ಹೆಸರು, ಉದ್ದಗಲ, ಹೋಗಬೇಕಾದ ಊರು ಇತ್ಯಾದಿ ವಿವರ 6 ನಿಮಿಷಕ್ಕೊಮ್ಮೆ.

ಒಂದೇ ಬಂದರಿನ ಸುತ್ತ ನೂರಾರು ಹಡಗುಗಳು ಹೀಗೆ ಒಟ್ಟಿಗೆ ಕೂಗಿದರೆ ಗದ್ದಲವಾಗುವುದಿಲ್ಲವೇ? ಇಲ್ಲಿದೆ ಈ ವ್ಯವಸ್ಥೆಯ ಸೊಗಸು. ಪ್ರತಿ ನಿಮಿಷವನ್ನು 2,250 ಚೂರುಗಳಾಗಿ ಕತ್ತರಿಸಲಾಗಿದೆ. ಒಂದೊಂದು ಚೂರು ಒಂದು ಸೆಕೆಂಡಿನ ಮೂವತ್ತೇಳನೇ ಒಂದು ಭಾಗಕ್ಕಿಂತಲೂ ದೊಡ್ಡದಲ್ಲ. ಪ್ರತಿ ಹಡಗಿನ ಯಂತ್ರವೂ ಅಕ್ಕಪಕ್ಕದವರು ಯಾವ ಚೂರು ಹಿಡಿದಿದ್ದಾರೆಂದು ಆಲಿಸಿ, ಖಾಲಿ ಇರುವುದನ್ನು ತನಗೆ ಕಾಯ್ದಿರಿಸಿಕೊಂಡು, ಮುಂದಿನ ಸರದಿ ಯಾವುದೆಂದೂ ಸಾರಿಬಿಡುತ್ತದೆ. ಮೇಸ್ತ್ರಿಯಿಲ್ಲ, ಟೋಕನ್ ಕೊಡುವವರಿಲ್ಲ. ಎಲ್ಲರೂ ನೋಡುವ ಗಡಿಯಾರ ಒಂದೇ, ಜಿಪಿಎಸ್ ಉಪಗ್ರಹದ್ದು. ಸ್ವೀಡನ್ನಿನ ಹೋಕನ್ ಲಾನ್ಸ್ ಎಂಬ ಸಂಶೋಧಕರ ಕೆಲಸ ಇದರ ಹಿಂದಿದೆ. ತಾಂತ್ರಿಕ ಜಗತ್ತಿನಲ್ಲಿ ಇಷ್ಟು ಸಭ್ಯವಾದ ಸರದಿ ಸಾಲು ಇನ್ನೊಂದನ್ನು ನಾನು ಕಂಡಿಲ್ಲ.

ಮೂರು ಫುಟ್ಬಾಲ್ ಮೈದಾನದಷ್ಟು ಉದ್ದದ ಹಡಗು ಈ ಕೂಗಿಗೆ ಬಳಸುವುದು ಕೇವಲ 12.5 ವಾಟ್. ನಮ್ಮ ಮನೆಯ ಎಲ್‌ಇಡಿ ಬಲ್ಬಿನಷ್ಟು.

ಈ ರೇಡಿಯೊ ಅಲೆ ನೇರವಾಗಿ ಹೋಗುವಂಥದ್ದು, ಭೂಮಿಯ ಬಾಗಿಗೆ ಬಾಗುವುದಿಲ್ಲ. ಹಾಗಾಗಿ ದಡದಲ್ಲಿರುವ ಎತ್ತರದ ಆಂಟೆನಾಕ್ಕೆ ಸುಮಾರು 40 ನಾಟಿಕಲ್ ಮೈಲಿನವರೆಗೆ ಕೇಳಿಸೀತು, ಅದರಾಚೆ ಮೌನ. ನಡುಗಡಲಿನ ಕೂಗನ್ನು ಆಲಿಸಬೇಕಾದರೆ ಕಿವಿಯನ್ನು ಆಕಾಶದಲ್ಲೇ ಇಡಬೇಕು. ಆ ಕಿವಿಗಳಲ್ಲಿ ಕೆಲವು ನಮ್ಮ ಶ್ರೀಹರಿಕೋಟಾದಿಂದಲೇ ಹೋದವು. ಹಡಗುಗಳ ಎಐಎಸ್ ಆಲಿಸಲೆಂದೇ ನಾರ್ವೆ ಮಾಡಿಸಿದ ಎಐಎಸ್‌ಸ್ಯಾಟ್-1 ಎಂಬ ಪುಟ್ಟ ಉಪಗ್ರಹ 2010ರ ಜುಲೈ 12ರಂದು ಇಸ್ರೋದ ಪಿಎಸ್‌ಎಲ್‌ವಿ-ಸಿ15 ರಾಕೆಟಿನಲ್ಲಿ ಏರಿತು. ಬದಿ 20 ಸೆಂಟಿಮೀಟರಿನ ಡಬ್ಬಿ ಅದು, ತೂಕ ಸುಮಾರು 6 ಕಿಲೋ. ಅದೇ ರಾಕೆಟಿನಲ್ಲಿ ಅದರ ಸಹಪ್ರಯಾಣಿಕ ಯಾರು ಗೊತ್ತೇ? ಬೆಂಗಳೂರು, ಹೈದರಾಬಾದಿನ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಟ್ಟಿದ ಸ್ಟಡ್‌ಸ್ಯಾಟ್! ಮರುವರ್ಷ ಏಪ್ರಿಲಿನಲ್ಲಿ ಹಾರಿದ ಇಸ್ರೋದ ರಿಸೋರ್ಸ್‌ಸ್ಯಾಟ್-2 ಕೂಡ ಕೆನಡಾದ ಕಂಪನಿಯೊಂದರ ಎಐಎಸ್ ಉಪಕರಣವನ್ನು ಹೊತ್ತೊಯ್ದಿತ್ತು.

ಜಗತ್ತಿನ ಹಡಗುಗಳನ್ನೆಲ್ಲ ಜನಸಾಮಾನ್ಯರ ಪರದೆಗೆ ತಂದ ಮರೀನ್‌ಟ್ರಾಫಿಕ್ ನಕ್ಷೆ ಹುಟ್ಟಿದ್ದು ಗ್ರೀಸಿನ ಏಜಿಯನ್ ವಿಶ್ವವಿದ್ಯಾಲಯದ ಅಂಗಳದಲ್ಲಿ, 2007ರಲ್ಲಿ. ದ್ವೀಪಗಳ ಮನೆಮಾಳಿಗೆಯ ಮೇಲೆ ಆಂಟೆನಾ ನೆಟ್ಟ ಹವ್ಯಾಸಿಗಳು ಅದಕ್ಕೆ ಮಾಹಿತಿ ತುಂಬಿದರು. ಇಂದಿಗೂ ಹಲವು ಕರಾವಳಿಗಳಲ್ಲಿ ಹೀಗೆ ಬಿಟ್ಟಿ ದುಡಿಯುವವರಿದ್ದಾರೆ.

ಇನ್ನು ಸಂಖ್ಯೆಗಳು. ಚುಕ್ಕೆಯ ಮೇಲೆ ಬೆರಳಿಟ್ಟರೆ ಒಂಬತ್ತು ಅಂಕಿಯ ಎಂಎಂಎಸ್‌ಐ ಸಂಖ್ಯೆ ಕಾಣುತ್ತದೆ. ಅದು ಹಡಗಿನ ರೇಡಿಯೊದ ಫೋನ್ ನಂಬರ್ ಇದ್ದ ಹಾಗೆ. ಮೊದಲ ಮೂರಂಕಿ ನೋಡಿದರೆ ಯಾವ ದೇಶದ ಬಾವುಟ ಎಂದು ಗೊತ್ತಾಗುತ್ತದೆ. 419 ಇದ್ದರೆ ಭಾರತ, 636 ಲೈಬೀರಿಯಾ, 538 ಮಾರ್ಷಲ್ ದ್ವೀಪಗಳು, 422 ಇರಾನ್. ಲೈಬೀರಿಯಾದ ಬಾವುಟ ಹಾರಿಸುವ ಹಡಗಿನ ಮಾಲೀಕ ಗ್ರೀಕನಿರಬಹುದು, ನಡೆಸುವ ಕಂಪನಿ ಸಿಂಗಪುರದ್ದಿರಬಹುದು, ಕ್ಯಾಪ್ಟನ್ ನಮ್ಮವನೇ ಇರಬಹುದು. ಬಾವುಟ ಬದಲಾದರೆ ಈ ನಂಬರೂ ಬದಲಾಗುತ್ತದೆ.

ಬದಲಾಗದ್ದು ಒಂದೇ: ಏಳಂಕಿಯ ಐಎಂಒ ಸಂಖ್ಯೆ. ಹಡಗು ಕಟ್ಟುವಾಗ ಬಂದ ಈ ಸಂಖ್ಯೆ ಅದು ಗುಜರಿಗೆ ಹೋಗುವ ತನಕ ಮೈಗಂಟಿಕೊಂಡಿರುತ್ತದೆ. ಹೆಸರು, ಮಾಲೀಕ, ದೇಶ ಎಷ್ಟು ಸಲ ಬದಲಾದರೂ ಇದು ಅಲುಗದು, ಬೇರೆ ಹಡಗಿಗೆ ದಾಟದು. 1996ರಿಂದ ಕಡ್ಡಾಯ. ಸುಳ್ಳು ಸಂಖ್ಯೆಯನ್ನು ಹಿಡಿಯುವ ಕೀಲಿ ಅದರೊಳಗೇ ಇದೆ. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ. ಮೊತ್ತದ ಕೊನೆಯ ಅಂಕಿಯೇ ಏಳನೆಯ ಅಂಕಿ ಆಗಿರಬೇಕು. 7381154 ಎಂಬುದನ್ನು ತೆಗೆದುಕೊಳ್ಳಿ. 49, 18, 40, 4, 3, 10. ಕೂಡಿಸಿದರೆ 124. ಕೊನೆಯ ಅಂಕಿ 4. ಸರಿಹೋಯಿತು! ಮಕ್ಕಳ ಕೈಗೆ ಪೆನ್ಸಿಲ್ ಕೊಟ್ಟು ಮಾಡಿಸಿ ನೋಡಿ, ಖುಷಿಪಡುತ್ತಾರೆ.

ಈ ಸಂಖ್ಯೆಯನ್ನೇ ಯಾಕೆ ಆರಿಸಿಕೊಂಡೆ ಅಂದರೆ, ಇದು ಮನುಷ್ಯ ಕಟ್ಟಿದ ಅತಿ ಉದ್ದದ ಹಡಗಿನದು. ಜಪಾನಿನ ಒಪ್ಪಾಮಾದಲ್ಲಿ ಸುಮಿಟೊಮೊ ಕಂಪನಿ ಕಟ್ಟಿದ ಸೀವೈಸ್ ಜೈಂಟ್ ಟ್ಯಾಂಕರ್. ಉದ್ದ 458 ಮೀಟರ್, ಹೊರಬಲ್ಲ ಭಾರ 5,64,763 ಟನ್, ತುಂಬಿದಾಗ ನೀರಿನೊಳಗೆ ಇಳಿಯುವ ಆಳ ಇಪ್ಪತ್ತನಾಲ್ಕೂವರೆ ಮೀಟರ್. ಇರಾನ್–ಇರಾಕ್ ಯುದ್ಧದಲ್ಲಿ, 1988ರ ಮೇ 14ರಂದು, ಲಾರಕ್ ದ್ವೀಪದ ಬಳಿ ನಿಂತಿದ್ದಾಗ ಇರಾಕಿನ ವಿಮಾನಗಳು ಇದರ ಮೇಲೆ ಬಾಂಬು ಹಾಕಿದವು. ಹೊತ್ತಿ ಉರಿದು ಮುಳುಗಿತು. ಎಲ್ಲರೂ ಕೈಬಿಟ್ಟ ಹಡಗನ್ನು ಮತ್ತೆ ಎತ್ತಿ, ರಿಪೇರಿ ಮಾಡಿ, ಹ್ಯಾಪಿ ಜೈಂಟ್ ಎಂದು ಕರೆದರು. ಮುಂದೆ ಯಾರೆ ವೈಕಿಂಗ್ ಆಯಿತು. ಆಮೇಲೆ ನಾಕ್ ನೆವಿಸ್ ಎಂಬ ಹೆಸರಿನಲ್ಲಿ ಕತಾರಿನ ಸಮುದ್ರದಲ್ಲಿ ನಿಂತಲ್ಲೇ ನಿಂತು ಎಣ್ಣೆಯ ಗೋದಾಮಾಯಿತು. ಕೊನೆಗೆ ಮಾಂಟ್ ಎಂಬ ತುಂಡು ಹೆಸರು ಹೊತ್ತು 2009ರ ಡಿಸೆಂಬರಿನಲ್ಲಿ ಗುಜರಾತಿನ ಅಲಂಗ್ ದಡಕ್ಕೆ ಬಂದು ಕೂತಿತು, ಒಡೆಯಲು. ಐದು ಹೆಸರು, ಸಂಖ್ಯೆ ಒಂದೇ. ಅದರ 36 ಟನ್ನಿನ ಲಂಗರು ಈಗ ಹಾಂಗ್‌ಕಾಂಗಿನ ಸಾಗರ ವಸ್ತುಸಂಗ್ರಹಾಲಯದ ಪಾಲು.

ಅಲಂಗಿಗೇ ಬಂದ ಇನ್ನೊಂದು ಹಡಗನ್ನು ನೆನೆಯದೆ ಮುಂದೆ ಹೋಗಲಾರೆ. 2012ರಲ್ಲಿ ಓರಿಯೆಂಟಲ್ ನೈಸಿಟಿ ಎಂಬ ಹಳೇ ಹಡಗು ಒಡೆಯಲು ಬಂತು. ಐಎಂಒ 8414520 ಎಂಬ ಸಂಖ್ಯೆ ಹಿಡಿದು ಅದರ ಜಾತಕ ಬಿಚ್ಚಿದರೆ ಸಿಗುವ ಹೆಸರು ಎಕ್ಸಾನ್ ವಾಲ್ಡೀಸ್! 1989ರ ಮಾರ್ಚ್ 24ರಂದು ಅಲಾಸ್ಕಾದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ಬಂಡೆಗೆ ಬಡಿದು ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಚೆಲ್ಲಿದ ಅದೇ ಟ್ಯಾಂಕರ್. ಸುಪ್ರೀಂ ಕೋರ್ಟ್ ಅನುಮತಿ ಕೊಟ್ಟ ಮೇಲೆಯೇ ಅದು ದಡ ಸೇರಿತು. ಆ ಅವಘಡದಿಂದಾಗಿಯೇ ಅಮೆರಿಕ 1990ರಲ್ಲಿ ಹೊಸ ಕಾನೂನು ತಂದು, ಟ್ಯಾಂಕರುಗಳಿಗೆ ಎರಡು ಪದರದ ಒಡಲು ಬೇಕೆಂದಿತು. ಅಲಾಸ್ಕಾದ ವಾಲ್ಡೀಸ್ ಬಂದರಿಗೆ ಹೋಗಿಬರುವ ಟ್ಯಾಂಕರುಗಳು ತಾವಿರುವ ಜಾಗವನ್ನು ತಾವೇ ತಿಳಿಸುತ್ತಿರಬೇಕೆಂಬ ನಿಯಮವೂ ಅದರ ಹಿಂದೆಯೇ ಬಂತು. ಇಂದಿನ ಎಐಎಸ್‌ಗೆ ಅದು ಅಣ್ಣನಿದ್ದಂತೆ.

ಸಂಖ್ಯೆಯಂತೆ ಹೆಸರಿನಲ್ಲೂ ಕತೆಗಳಿವೆ. ಭಾರತದ ಶಿಪ್ಪಿಂಗ್ ಕಾರ್ಪೊರೇಷನ್ 1980ರ ದಶಕದಲ್ಲಿ ತನ್ನ 15 ಕಚ್ಚಾ ತೈಲ ಟ್ಯಾಂಕರುಗಳಿಗೆ ಪರಮವೀರ ಚಕ್ರ ಪಡೆದ ಯೋಧರ ಹೆಸರಿಟ್ಟಿತ್ತು. ಮೇಜರ್ ಸೋಮನಾಥ ಶರ್ಮಾ, ಲ್ಯಾನ್ಸ್ ನಾಯಕ್ ಆಲ್ಬರ್ಟ್ ಎಕ್ಕಾ ಎಂಬ ಹೆಸರುಗಳು ಲೋಕದ ಬಂದರುಗಳನ್ನು ಸುತ್ತಿದವು. ‘ಜಗ್’ ಎಂದು ಶುರುವಾಗುವ ಹೆಸರು ಕಂಡರೆ ಮುಂಬೈಯ ಗ್ರೇಟ್ ಈಸ್ಟರ್ನ್ ಕಂಪನಿಯದು, ‘ದೇಶ್’ ಎಂದಿದ್ದರೆ ಶಿಪ್ಪಿಂಗ್ ಕಾರ್ಪೊರೇಷನ್ನಿನದು. 1892ರಲ್ಲಿ ಸುಯೆಜ್ ಕಾಲುವೆ ದಾಟಿದ ಮೊದಲ ತೈಲ ಟ್ಯಾಂಕರಿನ ಹೆಸರು ಮ್ಯೂರೆಕ್ಸ್. ಅದು ಒಂದು ಕಡಲ ಶಂಖದ ಹೆಸರು. ಅದರ ಒಡೆಯ ಮಾರ್ಕಸ್ ಸ್ಯಾಮ್ಯುಯೆಲ್ ಮುಂದೆ ಕಟ್ಟಿದ ಕಂಪನಿಯೇ ಶೆಲ್, ಅಂದರೆ ಚಿಪ್ಪು.

ಹಡಗಿನ ವಿವರಪಟ್ಟಿಯಲ್ಲಿ ಎರಡು ಬಗೆಯ ‘ಟನ್’ ಕಂಡು ಗಲಿಬಿಲಿಯಾಗುವವರೇ ಹೆಚ್ಚು. ಗ್ರಾಸ್ ಟನೇಜ್ ಎಂಬುದು ತೂಕವೇ ಅಲ್ಲ, ಹಡಗಿನ ಒಳಗಿನ ಒಟ್ಟು ಜಾಗದ ಲೆಕ್ಕ. ಡೆಡ್‌ವೇಟ್ ಎಂಬುದು ಹಡಗು ಹೊರಬಲ್ಲ ಭಾರ. ಸರಕು, ಇಂಧನ, ಕುಡಿಯುವ ನೀರು, ಊಟದ ಸಾಮಾನು, ಜನ ಎಲ್ಲ ಸೇರಿ. ಹಡಗಿನ ಸ್ವಂತ ಕಬ್ಬಿಣದ ತೂಕ ಇದರಲ್ಲಿ ಬರುವುದಿಲ್ಲ. 80 ಸಾವಿರದಿಂದ 1.2 ಲಕ್ಷ ಟನ್ ಹೊರುವುದು ಆಫ್ರಾಮ್ಯಾಕ್ಸ್. ಹೆಸರು ಕೇಳಿ ಆಫ್ರಿಕಾ ಅಂದುಕೊಳ್ಳಬೇಡಿ, ಅದು ಬಾಡಿಗೆ ದರ ನಿಗದಿಯ ಹಳೆಯ ಪದ್ಧತಿಯೊಂದರ ಮೊದಲಕ್ಷರಗಳು. ತುಂಬಿದ ಹೊಟ್ಟೆಯಲ್ಲಿ ಸುಯೆಜ್ ಕಾಲುವೆ ದಾಟಬಲ್ಲದ್ದು ಸುಯೆಜ್‌ಮ್ಯಾಕ್ಸ್. 2 ಲಕ್ಷ ಟನ್ ದಾಟಿದರೆ ವಿಎಲ್‌ಸಿಸಿ.

ಒಂದು ವಿಎಲ್‌ಸಿಸಿಯಲ್ಲಿ ಹಿಡಿಸುವುದು ಸುಮಾರು 20 ಲಕ್ಷ ಬ್ಯಾರೆಲ್. ಬ್ಯಾರೆಲಿಗೆ 159 ಲೀಟರ್. ಅಂದರೆ ಹತ್ತಿರ ಹತ್ತಿರ 32 ಕೋಟಿ ಲೀಟರ್! 20 ಸಾವಿರ ಲೀಟರಿನ ಟ್ಯಾಂಕರ್ ಲಾರಿಗಳಿಗೆ ತುಂಬಿಸಿದರೆ 16 ಸಾವಿರ ಲಾರಿ ಬೇಕು. ಒಂದರ ಬೆನ್ನಿಗೊಂದು ನಿಲ್ಲಿಸಿದರೆ ಮಂಗಳೂರಿನಿಂದ ಹೊರಟ ಸಾಲು ಶಿರಾಡಿ ಘಾಟಿ ಹತ್ತಿ, ಸಕಲೇಶಪುರ ಹಿಂದೆ ಹಾಕಿ, ಹಾಸನದ ಆಸುಪಾಸು ಮುಟ್ಟುತ್ತದೆ. ಇಷ್ಟನ್ನೂ ನಡೆಸುವ ಸಿಬ್ಬಂದಿ ಇಪ್ಪತ್ತೈದರ ಆಸುಪಾಸು.

ಹೊಟ್ಟೆ ತುಂಬಿದೆಯೋ ಖಾಲಿಯೋ? ಅದಕ್ಕೆ ‘ಡ್ರಾಫ್ಟ್’ ಎಂಬ ಸಾಲು ನೋಡಬೇಕು. ಹಡಗಿನ ತಳ ನೀರಿನೊಳಗೆ ಎಷ್ಟು ಆಳಕ್ಕಿದೆ ಎಂಬ ಅಳತೆ ಅದು. 330 ಮೀಟರ್ ಉದ್ದ, 60 ಮೀಟರ್ ಅಗಲದ ವಿಎಲ್‌ಸಿಸಿ ಒಂದೇ ಒಂದು ಸೆಂಟಿಮೀಟರ್ ಹೆಚ್ಚು ಮುಳುಗಬೇಕಾದರೆ ಅದರ ಮೇಲೆ ಸುಮಾರು 170 ಟನ್ ಹೇರಬೇಕು. ಕಿರುಬೆರಳಿನ ಅಗಲಕ್ಕೆ ಹತ್ತಾರು ಲಾರಿ ಲೋಡು! ತೈಲ ವ್ಯಾಪಾರಿಗಳು, ಸರಕಾರಗಳು, ಪತ್ರಕರ್ತರು ಯಾವ ಹಡಗು ಎಲ್ಲಿ ತುಂಬಿತು, ಎಲ್ಲಿ ಇಳಿಸಿತು ಎಂದು ಅಂದಾಜಿಸುವುದು ಈ ಅಳತೆಯ ಏರಿಳಿತದಿಂದಲೇ. ಆದರೆ ಒಂದು ಎಚ್ಚರ. ಡ್ರಾಫ್ಟನ್ನು ಯಂತ್ರ ಅಳೆದು ಹೇಳುವುದಿಲ್ಲ. ಹಡಗಿನ ಅಧಿಕಾರಿ ಕೈಯಿಂದ ಒತ್ತಿ ನಮೂದಿಸಬೇಕು. ಮರೆತರೆ, ಅಥವಾ ಬೇಕೆಂದೇ ಬಿಟ್ಟರೆ, ಖಾಲಿ ಹಡಗು ನಕ್ಷೆಯ ಮೇಲೆ ತುಂಬಿದ ಹಾಗೆ ಕಂಡೀತು.

ಕಣ್ಣು ಅಷ್ಟು ಸುಲಭವಾಗಿ ಮೋಸ ಹೋಗದು. ಹಲವು ಟ್ಯಾಂಕರುಗಳ ಕೆಳಮೈಗೆ ಕೆಂಪು ಬಣ್ಣ ಬಳಿದಿರುತ್ತಾರೆ, ಚಿಪ್ಪುಪಾಚಿ ಹಿಡಿಯದಿರಲೆಂದು. ಆ ಕೆಂಪು ಪಟ್ಟಿ ಅಗಲವಾಗಿ ಕಂಡರೆ ಹೊಟ್ಟೆ ಖಾಲಿ. ಕೆಂಪು ಮರೆಯಾಗಿ ಮೇಲಿನ ಕಪ್ಪಷ್ಟೇ ಉಳಿದಿದ್ದರೆ ತುಂಬಿದ್ದು. ಮೂತಿಯ ಕೆಳಗಿನ ಗುಂಡಗಿನ ಉಬ್ಬು ನೀರಿನಿಂದ ಹೊರಗೆ ಇಣುಕುತ್ತಿದ್ದರಂತೂ ಅನುಮಾನವೇ ಬೇಡ. ಇನ್ನೊಂದು ಮೋಜು ನೋಡಿ: ಲಂಗರು ಹಾಕಿದ ಹಡಗುಗಳೆಲ್ಲ ಸಾಮಾನ್ಯವಾಗಿ ಒಂದೇ ಕಡೆ ಮುಖ ಮಾಡಿರುತ್ತವೆ, ಗಾಳಿ ಮತ್ತು ಪ್ರವಾಹಕ್ಕೆ ಎದುರಾಗಿ. ಗಾಳಿ ತಿರುಗಿದರೆ ತಾವೂ ತಿರುಗುತ್ತವೆ. ಬಂದರಿನಲ್ಲಿ ಎಣ್ಣೆ ಇಳಿಸುತ್ತಿರುವ ಟ್ಯಾಂಕರ್ ಹಗಲು ಕೆಂಪು ಬಾವುಟ, ರಾತ್ರಿ ಕೆಂಪು ದೀಪ ತೋರಿಸುತ್ತದೆ.

ಮಂಗಳೂರಿನ ಮಾತಿಗೆ ಬರೋಣ. ತುಂಬಿದ ವಿಎಲ್‌ಸಿಸಿ 20 ಮೀಟರಿಗೂ ಹೆಚ್ಚು ಆಳ ಕೇಳುತ್ತದೆ, ಪಣಂಬೂರಿನ ಬಂದರಿನೊಳಕ್ಕೆ ಅದು ಬರಲಾರದು. ಅದಕ್ಕೇ ಇಲ್ಲಿನ ತೈಲ ಸಂಸ್ಕರಣಾಗಾರ ಎಂಆರ್‌ಪಿಎಲ್‌ಗಾಗಿ 2013ರಲ್ಲಿ ಹೊರಗಡಲಿನಲ್ಲೇ ಒಂದು ತೇಲುವ ಬೋಯಿ ಕಟ್ಟಿದರು. ಟ್ಯಾಂಕರ್ ತನ್ನ ಮೂತಿಯನ್ನು ಅದಕ್ಕೆ ಕಟ್ಟಿಕೊಳ್ಳುತ್ತದೆ, ದಪ್ಪನೆಯ ತೇಲುಗೊಳವೆಯಲ್ಲಿ ಎಣ್ಣೆ ಇಳಿದು ಸಮುದ್ರತಳದ ಪೈಪಿನಲ್ಲಿ ದಡ ಸೇರುತ್ತದೆ. ಗೂಟಕ್ಕೆ ಕಟ್ಟಿದ ಎಮ್ಮೆಯ ಹಾಗೆ ಹಡಗು ಬೋಯಿಯ ಸುತ್ತ ತಿರುಗುತ್ತಿರುತ್ತದೆ. ಅದರ ಜಾಡನ್ನು ನಕ್ಷೆಯ ಮೇಲೆ ಹಿಗ್ಗಿಸಿ ನೋಡಿದರೆ ಕೈವಾರದಲ್ಲಿ ಎಳೆದಂಥ ಕಮಾನು ಕಾಣುತ್ತದೆ. ಕೊಲ್ಲಿಯಿಂದ ಇಲ್ಲಿಗೆ ಟ್ಯಾಂಕರಿಗೆ ಐದಾರು ದಿನದ ದಾರಿ.

ದೇಶದ ತುರ್ತು ಕಾಲಕ್ಕೆಂದು ಬಂಡೆ ಕೊರೆದು ಮಾಡಿದ ಭೂಗತ ತೈಲ ಸಂಗ್ರಹಾಗಾರಗಳು ಮೂರು ಕಡೆ ಇವೆ: ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್, ಮಂಗಳೂರಿನಲ್ಲಿ 15 ಲಕ್ಷ, ಕಾಪು ಬಳಿಯ ಪಾದೂರಿನಲ್ಲಿ 25 ಲಕ್ಷ. ಮುಕ್ಕಾಲು ಪಾಲು ನಮ್ಮ ಕರಾವಳಿಯ ನೆಲದಡಿಯಲ್ಲೇ! ಮಂಗಳೂರು, ಪಾದೂರು ಎರಡನ್ನೂ ಪೂರ್ತಿ ತುಂಬಲು ಹದಿನೈದು ವಿಎಲ್‌ಸಿಸಿಗಳಷ್ಟು ಎಣ್ಣೆ ಬೇಕು.

ಮತ್ತೆ ನಕ್ಷೆಗೆ ಬಂದರೆ, ‘ಎಲ್ಲಿಗೆ’ ಎಂಬ ಜಾಗದಲ್ಲಿ ಐಎನ್‌ಎನ್‌ಎಂಎಲ್ ಎಂದಿದ್ದರೆ ನವಮಂಗಳೂರು ಬಂದರು, ಐಎನ್‌ಬಿಒಎಂ ಎಂದಿದ್ದರೆ ಮುಂಬೈ. ಕೆಲವು ಟ್ಯಾಂಕರುಗಳು ‘ಫಾರ್ ಆರ್ಡರ್ಸ್’ ಎಂದು ಬರೆದಿರುತ್ತವೆ. ಹೊಟ್ಟೆಯಲ್ಲಿ ಕೋಟ್ಯಂತರ ರೂಪಾಯಿಯ ಎಣ್ಣೆಯಿದೆ, ಎಲ್ಲಿಗೆ ಹೋಗಬೇಕೆಂಬ ಅಪ್ಪಣೆ ಇನ್ನೂ ಬಂದಿಲ್ಲ ಎಂದರ್ಥ. ನಡುದಾರಿಯಲ್ಲೇ ಸರಕು ಕೈಬದಲಾಗಿ ಹಡಗು ದಿಕ್ಕು ತಿರುಗಿಸುವುದೂ ಉಂಟು. ಈ ಜಾಗವನ್ನೂ ತುಂಬುವುದು ಮನುಷ್ಯರ ಕೈಯೇ, 20 ಅಕ್ಷರದ ಮಿತಿಯಲ್ಲಿ. ಕೆಂಪು ಸಮುದ್ರದಲ್ಲಿ ಯೆಮನಿನ ಹೂತಿ ಬಂಡುಕೋರರ ದಾಳಿ ಜೋರಾಗಿದ್ದ 2024ರಲ್ಲಿ ಕೆಲವು ಹಡಗುಗಳು ಇಲ್ಲಿ ಊರಿನ ಹೆಸರಿನ ಬದಲು ‘ಸಿಬ್ಬಂದಿಯೆಲ್ಲ ಚೀನೀಯರು’, ‘ಇಸ್ರೇಲಿನ ನಂಟಿಲ್ಲ’ ಎಂಬರ್ಥದ ಮಾತು ಬರೆದುಕೊಂಡು ಸಾಗಿದವು. ಪ್ರಾಣಭಯ ಇಪ್ಪತ್ತಕ್ಷರದಲ್ಲಿ ಮಾತಾಡಿದ್ದು ಹೀಗೆ.

ಕೂಗು ನಿಲ್ಲಿಸಿಬಿಟ್ಟರೆ? ಕಡಲ್ಗಳ್ಳರ ಭಯದಂಥ ಅಪಾಯವಿದ್ದರೆ ಎಐಎಸ್ ಆರಿಸುವ ಅಧಿಕಾರ ಕ್ಯಾಪ್ಟನ್ನಿಗೆ ಉಂಟು. ಆದರೆ ಕದ್ದು ಸಾಗಿಸುವವರೂ ಅದನ್ನೇ ಮಾಡುತ್ತಾರೆ. 2019ರ ಜುಲೈ 4ರಂದು ಗ್ರೇಸ್-1 ಎಂಬ ವಿಎಲ್‌ಸಿಸಿಯನ್ನು ಇರಾನಿನ ಎಣ್ಣೆ ಹೊತ್ತು ಸಿರಿಯಾಕ್ಕೆ ಹೊರಟಿದೆ ಎಂಬ ಆರೋಪದ ಮೇಲೆ ಜಿಬ್ರಾಲ್ಟರಿನಲ್ಲಿ ಹಿಡಿದರು. ಆಗಸ್ಟಿನಲ್ಲಿ ಬಿಡುಗಡೆಯಾದ ಅದು ಪನಾಮಾ ಬಾವುಟ ಬಿಟ್ಟು ಇರಾನಿನದನ್ನು ಏರಿಸಿತು, ಹೆಸರನ್ನು ಆಡ್ರಿಯನ್ ದರಿಯಾ-1 ಎಂದು ಬದಲಿಸಿತು, ಹೋಗುವ ಊರು ಗ್ರೀಸಿನ ಕಲಮಾಟಾ ಎಂದಿತು, ತುರ್ಕಿಯ ಮೆರ್ಸಿನ್ ಎಂದಿತು. ಸೆಪ್ಟೆಂಬರ್ ಮೊದಲ ವಾರ ಸಿರಿಯಾದ ಹತ್ತಿರ ಚುಕ್ಕೆ ಮಾಯ. ಆದರೆ ಉಪಗ್ರಹದ ಚಿತ್ರ ಅದನ್ನು ಟಾರ್ಟಸ್ ಬಂದರಿನ ಬಳಿ ತೋರಿಸಿಕೊಟ್ಟಿತು. ಅದರ ಕ್ಯಾಪ್ಟನ್ ಭಾರತೀಯ. ಹಡಗನ್ನು ತಮ್ಮ ಕೈಗೆ ಒಪ್ಪಿಸಿದರೆ ಲಕ್ಷಾಂತರ ಡಾಲರ್ ಕೊಡುವುದಾಗಿ ಅಮೆರಿಕದ ವಿದೇಶಾಂಗ ಇಲಾಖೆಯ ಅಧಿಕಾರಿಯೊಬ್ಬರು ಅವರಿಗೆ ಇಮೇಲ್ ಬರೆದಿದ್ದರು.

ಕತ್ತಲು, ಮೋಡ ಯಾವುದನ್ನೂ ಲೆಕ್ಕಿಸದೆ ನೋಡುವ ರೇಡಾರ್ ಉಪಗ್ರಹಗಳೂ ಇವೆ. ಉಕ್ಕಿನ ಒಡಲು ಅವುಗಳ ಕಣ್ಣಿಗೆ ಬಿಳಿ ಕಿಡಿಯಂತೆ ಕಾಣುತ್ತದೆ. ಯುರೋಪಿನ ಸೆಂಟಿನೆಲ್-1ರ ಚಿತ್ರಗಳು ಯಾರಿಗೆ ಬೇಕಾದರೂ ಬಿಟ್ಟಿ ಸಿಗುತ್ತವೆ. ಕಿಡಿಯಿದೆ, ಎಐಎಸ್ ಇಲ್ಲ ಎಂದರೆ ಅಲ್ಲಿ ಏನೋ ಇದೆ.

ಸುಳ್ಳು ಜಾಗ ತೋರಿಸುವುದು ಇನ್ನೊಂದು ಬಗೆ. 2017ರ ಜೂನಿನಲ್ಲಿ ಕಪ್ಪು ಸಮುದ್ರದಲ್ಲಿದ್ದ ಅಟ್ರಿಯಾ ಎಂಬ ಟ್ಯಾಂಕರಿನ ಜಿಪಿಎಸ್, ‘ನೀನೀಗ ಗೆಲೆಂಜಿಕ್ ವಿಮಾನ ನಿಲ್ದಾಣದಲ್ಲಿದ್ದೀಯ’ ಎಂದಿತು. ಕ್ಯಾಪ್ಟನ್ ಅಕ್ಕಪಕ್ಕದ ಹಡಗುಗಳನ್ನು ನೋಡಿದರೆ ಸುಮಾರು ಇಪ್ಪತ್ತು ಹಡಗುಗಳು ಅದೇ ವಿಮಾನ ನಿಲ್ದಾಣದಲ್ಲಿ ‘ನಿಂತಿದ್ದವು’. ಗುಜರಿಗೆ ಹೋಗಿ ಎಂದೋ ಚೂರಾದ ಹಡಗಿನ ಐಎಂಒ ಸಂಖ್ಯೆಯನ್ನು ಕದ್ದು ಓಡಾಡುವ ಟ್ಯಾಂಕರುಗಳೂ ಸಿಕ್ಕಿಬಿದ್ದಿವೆ. ಇವಕ್ಕೆ ‘ಜಾಂಬಿ’ ಹಡಗುಗಳೆಂದೇ ಹೆಸರು. ಇಂಥವು ಅಪಘಾತಕ್ಕೀಡಾದರೆ ವಿಮೆ ಯಾರದು, ಚೆಲ್ಲಿದ ಎಣ್ಣೆ ಬಳಿಯುವವರು ಯಾರು, ನಾವಿಕನ ಸಂಬಳ ಕೊಡುವವರು ಯಾರು ಎಂಬ ಪ್ರಶ್ನೆಗೆ ಉತ್ತರಿಸುವವರೇ ಇರುವುದಿಲ್ಲ. ಇದು ನನ್ನನ್ನು ನಿಜಕ್ಕೂ ಚಿಂತೆಗೀಡುಮಾಡುವ ಸಂಗತಿ.

ಎಲ್ಲರಿಗೂ ಕೇಳುವ ಎಐಎಸ್ ಅಲ್ಲದೆ, 6 ಗಂಟೆಗೊಮ್ಮೆ ಹಡಗು ತನ್ನ ಬಾವುಟದ ದೇಶಕ್ಕೆ ಉಪಗ್ರಹದ ಮೂಲಕ ಗುಟ್ಟಾಗಿ ಜಾಗ ತಿಳಿಸುವ ಏರ್ಪಾಡೂ ಇದೆ. ಅದಕ್ಕೆ ಎಲ್‌ಆರ್‌ಐಟಿ ಎನ್ನುತ್ತಾರೆ. ನಮ್ಮ ನೌಕಾಪಡೆ 2018ರ ಡಿಸೆಂಬರಿನಿಂದ ಗುರುಗ್ರಾಮದಲ್ಲಿ ಹಿಂದೂ ಮಹಾಸಾಗರದ ಹಡಗು ಮಾಹಿತಿ ಕೇಂದ್ರವೊಂದನ್ನು ನಡೆಸುತ್ತಿದೆ. ಕಡಲಿಲ್ಲದ ಊರಿನಲ್ಲಿ ಕೂತು ಕಡಲು ಕಾಯುವ ಕೆಲಸ!

2023ರ ಡಿಸೆಂಬರ್ 23. ಸೌದಿ ಅರೇಬಿಯಾದಿಂದ ನವಮಂಗಳೂರು ಬಂದರಿಗೆ ಹೊರಟಿದ್ದ ಕೆಮ್ ಪ್ಲೂಟೊ ಎಂಬ ಟ್ಯಾಂಕರಿಗೆ ಗುಜರಾತಿನ ಕರಾವಳಿಯಿಂದ ಸುಮಾರು 200 ನಾಟಿಕಲ್ ಮೈಲು ಆಚೆ ಡ್ರೋನ್ ಬಂದು ಬಡಿಯಿತು. ಬೆಂಕಿ ಹತ್ತಿತು. ಹಡಗಿನಲ್ಲಿದ್ದವರು 20 ಮಂದಿ ಭಾರತೀಯರು, ಒಬ್ಬ ವಿಯೆಟ್ನಾಮಿನವ. ಅವರೇ ಬೆಂಕಿ ಆರಿಸಿದರು. ಕೋಸ್ಟ್ ಗಾರ್ಡಿನ ವಿಕ್ರಮ್ ಹಡಗು ಹುಡುಕಿ ಬಂದು ಜೊತೆ ಕೊಟ್ಟು ಮುಂಬೈಗೆ ತಲುಪಿಸಿತು. ತಿಂಗಳು ಕಳೆದ ಮೇಲೆ, 2024ರ ಜನವರಿ 26ರಂದು, ಏಡನ್ ಕೊಲ್ಲಿಯಲ್ಲಿ ಮಾರ್ಲಿನ್ ಲುವಾಂಡಾ ಟ್ಯಾಂಕರಿಗೆ ಕ್ಷಿಪಣಿ ತಗುಲಿತು. ಅದರಲ್ಲಿ 22 ಭಾರತೀಯರಿದ್ದರು. ಬೆಂಕಿ ಆರಿಸಲು ಹೋದವರಲ್ಲಿ ಐಎನ್‌ಎಸ್ ವಿಶಾಖಪಟ್ಟಣಂನ ನಮ್ಮ ನೌಕಾಯೋಧರೂ ಇದ್ದರು. ಅಂಥ ಹೊತ್ತಿನಲ್ಲಿ ಒಂದೊಂದು ಟ್ಯಾಂಕರಿನ ಚುಕ್ಕೆಯನ್ನೂ ಎಷ್ಟೋ ಮನೆಗಳು ನಿದ್ದೆಗೆಟ್ಟು ನೋಡುತ್ತಿರುತ್ತವೆ. ಚುಕ್ಕೆ ಸರಿದರೆ ಸಮಾಧಾನ. ಹತ್ತು ನಿಮಿಷ ಹೊಸ ಸುದ್ದಿ ಬಾರದಿದ್ದರೆ ಎದೆ ಡವಗುಟ್ಟುತ್ತದೆ, ಅದು ಬರೀ ಆಂಟೆನಾದ ಎಟುಕು ಮೀರಿದ್ದಿರಬಹುದು ಎಂದು ಗೊತ್ತಿದ್ದರೂ.

ನಿಮ್ಮ ಮನೆಯ ಹುಡುಗನೋ ಹುಡುಗಿಯೋ ಟ್ಯಾಂಕರ್ ಹತ್ತಲು ಹೊರಟಿದ್ದರೆ, ಕಳಿಸುತ್ತಿರುವ ಏಜೆಂಟರಿಗೆ ಶಿಪ್ಪಿಂಗ್ ಮಹಾನಿರ್ದೇಶನಾಲಯದ ಆರ್‌ಪಿಎಸ್‌ಎಲ್ ಪರವಾನಗಿ ಇದೆಯೇ ಎಂದು ಮೊದಲು ನೋಡಿ. ಆಮೇಲೆ ಹಡಗಿನ ಹೆಸರಿನ ಜೊತೆಗೆ ಐಎಂಒ ಸಂಖ್ಯೆಯನ್ನೂ ಕೇಳಿ ಪಡೆಯಿರಿ. ಮೇಲೆ ಹೇಳಿದ ಗುಣಾಕಾರ ಮಾಡಿ ತಾಳೆ ನೋಡಿ, ಆ ಸಂಖ್ಯೆಯ ಹಡಗು ಈಗಾಗಲೇ ಗುಜರಿಗೆ ಹೋಗಿದ್ದಲ್ಲವೇ ಎಂದೂ ಹುಡುಕಿ ನೋಡಿ, ಅಡುಗೆಮನೆಯ ಕ್ಯಾಲೆಂಡರಿನ ಮೇಲೆ ಬರೆದಿಡಿ. ಹೆಸರು, ಬಾವುಟ ನಾಳೆ ಬದಲಾಗಬಹುದು. ಕಷ್ಟ ಬಂದರೆ ಹಡಗನ್ನು ಹುಡುಕಲು ಆ ಏಳಂಕಿಯೇ ಬೇಕು.